ಅಂಜಿನಕ್ಕನ ರಕ್ತದಲ್ಲಿ ಕಂಡ ಗೆರೆ

ಹೊಸಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಅಂಜಿನಕ್ಕನ ಬಜ್ಜಿ ಅಂಗಡಿ. ಗಂಡ ಸತ್ತ ಮೇಲೆ ತಾನೇ ಕಟ್ಟಿದ್ದು. ಆಸ್ಪತ್ರೆಯ ನರ್ಸ್ ಕನಕಮ್ಮ ಅವಳ ಜೀವದ ಗೆಳತಿ. ಇಬ್ಬರ ತವರೂ ಒಂದೇ ಊರು, ಇಟ್ಟಿಗಿ.

೧೯೮೧ರ ಬೇಸಿಗೆಯಲ್ಲಿ ಊರ ತುಂಬ ಕಾಮಣಿ ಹಬ್ಬಿತು. ಕಣ್ಣು, ಉಗುರು ಹಳದಿಯಾಗಿ ಜನ ಮಲಗಿದರು. ದೂರದ ಪ್ರಯೋಗಾಲಯದಿಂದ ಡಾಕ್ಟರೊಬ್ಬರು ರಕ್ತ ಒಯ್ಯಲು ಬಂದರೆ, ಸೂಜಿ ಕಂಡು ಯಾರೂ ಹತ್ತಿರ ಸುಳಿಯಲಿಲ್ಲ.

"ನೀನು ಮೊದಲು ಕೈ ಚಾಚಲೇ, ಎಲ್ಲಾರೂ ಬರ್ತಾರ," ಎಂದಳು ಕನಕಮ್ಮ. "ಏನು ಕಂಡ್ರೂ ನಮ್ಮೊಳಗ ಇರತೈತಿ."

ಅಂಜಿನಕ್ಕ ಕೈ ಚಾಚಿದಳು. ಹಿಂದೆ ಸಾಲು ನಿಂತಿತು.

ತಿಂಗಳ ನಂತರ ಡಾಕ್ಟರು ಅವಳನ್ನು ಕರೆಸಿ, ಕನಕಮ್ಮನ ಎದುರಿಗೇ ಹೇಳಿದರು. ರಕ್ತದ ತಿಳಿಯನ್ನು ಗಾಜಿನ ಮೇಲಿನ ಲೋಳೆಯಲ್ಲಿಟ್ಟು ಕರೆಂಟು ಹರಿಸಿದರೆ, ಒಂದು ಬಗೆಯ ಕಾಮಣಿ ವೈರಸ್ಸಿನ ಹೊರಕವಚದ ಪ್ರೋಟೀನು ಇದ್ದಲ್ಲಿ ಬಿಳಿ ಗೆರೆ ಮೂಡುತ್ತದಂತೆ. ಅವಳದರಲ್ಲಿ ಮೂಡಿತ್ತು.

"ನಾನು ಗಟ್ಟಿಮುಟ್ಟಾಗೇ ಅದೀನಲ್ರಿ?"

"ಕೆಲವರ ಮೈಯಲ್ಲಿ ಅದು ಸುಮ್ಮನೆ ಇರುತ್ತಮ್ಮ. ರಕ್ತದಿಂದ ಹರಡುತ್ತೆ, ಊಟದಿಂದಲ್ಲ. ಊರಲ್ಲಿ ಹಬ್ಬಿರೋ ಕಾಮಣಿ ಬೇರೆ, ಅದು ನೀರಿಂದು."

ವಾರದೊಳಗೆ ಅಂಗಡಿಯ ಬೆಂಚು ಖಾಲಿಯಾಯಿತು. ಲಾರಿ ಓಡಿಸುವ ಸುಂಕಪ್ಪ ಕೆಳಗಿಳಿಯದೆಯೇ ಹೇಳಿದ: "ಊರಿಗೆ ಕಾಮಣಿ ಹಚ್ಚಿದಾಕಿ ನೀನಂತ. ಕನಕಮ್ಮನೇ ಹೇಳ್ಯಾಳ."

ಅಂಜಿನಕ್ಕ ಹೋಗಿ ಕೇಳಿದಾಗ ಕನಕಮ್ಮ ಅಲ್ಲಗಳೆಯಲಿಲ್ಲ. "ಗೌಡ್ರ ಮನಿಯಾಗ ಕೇಳಿದ್ರು. ಬಾಯಿ ತಪ್ಪಿ ಬಂತು."

"ಊಟದಿಂದ ಬರಂಗಿಲ್ಲ ಅಂದದ್ದೂ ಕೇಳಿಸ್ಕಂಡಿದ್ದಿಯಲ್ಲ. ಅದು ಯಾಕ ಬಾಯಿಗೆ ಬರ್ಲಿಲ್ಲ?"



ಡಾಕ್ಟರು ಮತ್ತೆ ಬಂದಾಗ ಅಂಜಿನಕ್ಕ ಜೀಪಿಗೆ ಅಡ್ಡ ನಿಂತಳು. "ನಾಕು ಮಂದಿ ಮುಂದ ಒಂದು ಮಾತು ಹೇಳ್ರಿ."

"ಊರ ಜಗಳಕ್ಕೆ ನಾನು ಬರಲ್ಲಮ್ಮ. ಜನ ಸಿಟ್ಟಾದ್ರೆ ನಮ್ಮ ಕೆಲಸ ನಿಲ್ಲುತ್ತೆ. ನಿನ್ನ ರಕ್ತ ಮಾತ್ರ ಇನ್ನಷ್ಟು ಬೇಕು."

ಅವಳು ತೋಳಿನ ಮೇಲೆ ಸೆರಗೆಳೆದುಕೊಂಡು ತಿರುಗಿ ನಡೆದಳು. ಮಳೆ ಹಿಡಿಯುವ ಮೊದಲೇ ಬಾಣಲೆ, ಬೆಂಚು ಗಾಡಿಗೆ ಹೇರಿಕೊಂಡು ಕೊಟ್ಟೂರು ಸೇರಿದಳು. ಗುರುತಿಲ್ಲದವರ ನಡುವೆ ವ್ಯಾಪಾರ ಮೆಲ್ಲಗೆ ಕುದುರಿತು.

ಎರಡು ವರ್ಷದ ಮೇಲೆ ಕನಕಮ್ಮ ಅಲ್ಲಿಗೆ ಬಂದು ಅತ್ತಳು. "ತಪ್ಪಾತಲೇ, ಮನಸಿನ್ಯಾಗ ಇಟ್ಕಬ್ಯಾಡ."

ಅಂಜಿನಕ್ಕ ಕರಗಿಬಿಟ್ಟಳು. ಬಿಸಿ ಬಜ್ಜಿ ಕರಿದು, ಚಹಾ ಮಾಡಿ ಮುಂದಿಟ್ಟಳು. ಕನಕಮ್ಮ ತವರಿನ ಸುದ್ದಿಯೆಲ್ಲ ಹೇಳಿ, ಬಸ್ಸು ಬಂದಾಗ ಅವಳ ಕೈ ಅದುಮಿ ಹೊರಟಳು.

ಚಹಾ ಕೆನೆಗಟ್ಟಿತ್ತು. ಒಂದು ಬಜ್ಜಿಯನ್ನೂ ಕನಕಮ್ಮ ಮುಟ್ಟಿರಲಿಲ್ಲ.