ಇಲಿವಾರದಂದು ಇಟ್ಟ ಕತ್ತರಿ

ನಮ್ಮ ಬಾಡಿಗೆ ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಬಗ್ಗೆ ಎರಡು ಸಾಲಿವೆ, ಮನೆ ಮುಂದಿನ ಹುಲ್ಲಿನ ಬಗ್ಗೆ ಇಡೀ ಒಂದು ಪುಟವಿದೆ. ದನ ಮೇಯದ, ಯಾರೂ ಕೊಯ್ದು ಹೊರೆ ಕಟ್ಟದ ಹುಲ್ಲು. ನಮ್ಮ ಹುನಗುಂದದ ಕಡೆ ಇಷ್ಟು ಹಸಿರು ಕಂಡರೆ ಮಧ್ಯಾಹ್ನದೊಳಗೆ ಯಾರದೋ ಎಮ್ಮೆ ಅಲ್ಲಿರುತ್ತದೆ. ಇಂಗ್ಲೆಂಡಿನ ಈ ಸಣ್ಣ ಊರಿನಲ್ಲಿ ಅದಕ್ಕೆ ಲಾನ್ ಎಂದು ಹೆಸರು. ಅದರ ಮೇಲೆ ಗಟ್ಟಿಯಾಗಿ ಹೆಜ್ಜೆ ಇಟ್ಟರೂ ಪಕ್ಕದ ಮನೆಯ ಪರದೆ ಸರಿಯುತ್ತದೆ.

ನನ್ನ ಗಂಡ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ನಾನು ಇಳಕಲ್ಲಿನಲ್ಲಿ ಕುಪ್ಪಸ ಹೊಲಿಯುತ್ತಿದ್ದವಳು. ಒಂದು ಹಳೆ ಮಷಿನ್ನಿನಿಂದ ಶುರುಮಾಡಿ ಸ್ವಂತ ಅಂಗಡಿ ಕಟ್ಟಿದವಳು. ಇಲ್ಲಿ ಮೂರು ಮನೆಯವರು ಮಷಿನ್ನಿನ ಸದ್ದು ಬೇಡವೆಂದು ಬಾಗಿಲು ಹಾಕಿದ ಮೇಲೆ ನಾಲ್ಕನೆಯ ಮನೆಯೊಡತಿಯ ಜೊತೆ ನಾನೇ ಚೌಕಾಸಿಗೆ ಕೂತೆ: ಮುಂದಿನ ಕೋಣೆಯಲ್ಲಿ ಮಷಿನ್ ಇರಲಿ, ಹುಲ್ಲಿನ ಹೊಣೆ ನನ್ನದು. ಒಪ್ಪಿದಳು. ವರ್ಷ ತುಂಬುವ ಶುಕ್ರವಾರ ಬಂದು, ಲಾನ್ ನೋಡಿ, ಕರಾರು ಮುಂದುವರಿಸುವ ಮಾತಾಯಿತು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಜಿಪ್ ಹಾಕಿಸಲು ಬರುವವರಿಗೆ ಈ ಬಾಗಿಲು ರೂಢಿಯಾಗಿತ್ತು. ಮನೆ ಹೋದರೆ ನನ್ನ ಕೆಲಸವೂ ಹೋದಂತೆ.

ಆ ಶುಕ್ರವಾರಕ್ಕೆ ಮೂರು ವಾರ ಇರುವಾಗ ಹುಲ್ಲಿನ ನಡುವೆ ಮಣ್ಣಿನ ಗುಡ್ಡೆಗಳು ಎದ್ದವು.

"ಹೆಗ್ಗಣ ಐತ್ರಿ," ಎಂದೆ. ಊರಿನ ಬುದ್ಧಿ. ತಂತಿಯ ಬೋನಿನಲ್ಲಿ ಮೆಣಸಿನಕಾಯಿ ಭಜಿ ಸಿಕ್ಕಿಸಿಟ್ಟೆ. ಬೆಳಗ್ಗೆ ನೋಡಿದರೆ ಭಜಿ ಹಾಗೇ ಇದೆ, ಪಕ್ಕದಲ್ಲೇ ಹೊಸ ಗುಡ್ಡೆ.

"ಚಟ್ನಿ ಇಡೂದು ಮರ್ತಿ ನೋಡ," ಎಂದರು ಗಂಡ.

ಹಾರ್ಡ್‌ವೇರ್ ಅಂಗಡಿಯವನೂ ನಕ್ಕ. ಅದು ಹೆಗ್ಗಣವಲ್ಲ, ಮೋಲ್. ನೆಲದೊಳಗೇ ಬದುಕುವ, ಕಣ್ಣು ಇದ್ದೂ ಇಲ್ಲದಂಥ ಪ್ರಾಣಿ. ಎರೆಹುಳು ಬಿಟ್ಟು ಬೇರೆ ಆಸೆ ಅದಕ್ಕೆ ಕಡಿಮೆ, ಆದ್ದರಿಂದ ತಿಂಡಿ ತೋರಿಸಿ ಹಿಡಿಯಲಾಗದು. ಓಡಾಡುವ ದಾರಿಯಲ್ಲೇ ಹಿಡಿಯಬೇಕು. ಇಲ್ಲಿ ದರ ಇಳಿಸು ಎಂದರೆ ಮುಖ ಕೆಂಪಾಗುತ್ತದೆ. ನಾನು ದರದ ಸುದ್ದಿಗೇ ಹೋಗಲಿಲ್ಲ; ಮೋಲ್ ಬೀಳದಿದ್ದರೆ ಬೋನು ಬದಲಿಸಿಕೊಡಬೇಕೆಂದು ಒಪ್ಪಿಸಿದೆ. ನೀವೂ ಪರದೇಶಕ್ಕೆ ಬಂದರೆ ಹೀಗೇ ಮಾಡಿ.

ಮೊದಲು ತಂದದ್ದು ಕೊಳವೆ ಬೋನು. ಎರಡೂ ತುದಿಗೆ ಒಳಗೆ ಮಾತ್ರ ತೆರೆಯುವ ಬಾಗಿಲು. ಪ್ರಾಣಿ ಜೀವಂತ ಸಿಗುತ್ತದೆ. ಆದರೆ ದಿನಕ್ಕೆ ಹಲವು ಸಲ ತೆಗೆದು ನೋಡದಿದ್ದರೆ ಹಸಿದು ಸಾಯುತ್ತದೆ. ನನ್ನ ಮೋಲ್ ಅದರ ತುಂಬ ಮಣ್ಣು ತುರುಕಿ ಪಕ್ಕದಿಂದ ಹೊಸ ದಾರಿ ಮಾಡಿಕೊಂಡಿತು. ಬದಲಿಗೆ ಅರ್ಧ ಸೀಳಿದ ಡಬ್ಬಿಯಂಥ ಬೋನು ತಂದೆ, ಒಳಗೆ ತಂತಿಯ ಕುಣಿಕೆ. ಸುರಂಗದ ಅಗಲಕ್ಕೆ ಸರಿಯಾಗಿ ಕೂರಬೇಕು. ನನ್ನದು ಕೂರಲಿಲ್ಲ, ಕುಣಿಕೆ ಬರಿದೇ ಬಿಗಿಯಿತು.

ಉಳಿದದ್ದು ಕತ್ತರಿ ಬೋನು. ಕಚ್ಚಿ ಕೊಲ್ಲುವ ದವಡೆ ಸುರಂಗದಲ್ಲಿ, ಹಿಡಿಕೆ ನೆಲದ ಮೇಲೆ. ಹಿಡಿಕೆ ಅಗಲವಾದರೆ ಬಿದ್ದಿದೆ ಎಂದರ್ಥ. ಗುಡ್ಡೆಯಲ್ಲಿ ಇಡಬೇಡಿ. ಎರಡು ಗುಡ್ಡೆಗಳ ನಡುವೆ ಉಬ್ಬಿದ ನೆಲವನ್ನು ತುಳಿದು ಬಿಡಿ. ಮರುದಿನ ಮತ್ತೆ ಎಲ್ಲಿ ಉಬ್ಬುತ್ತದೋ ಅದೇ ಹೆದ್ದಾರಿ. ಕೈಗವಸಿಗೆ ಅಲ್ಲಿಯದೇ ಮಣ್ಣು ಉಜ್ಜಿಕೊಳ್ಳಿ, ಬೆಳಕು ಇಳಿಯದಂತೆ ಹುಲ್ಲಿನ ಹೆಂಟೆ ಮುಚ್ಚಿ.

ಇದನ್ನು ತಂದು ಇಟ್ಟುಕೊಂಡಿದ್ದೆ, ನೆಲಕ್ಕೆ ಇಳಿಸಿರಲಿಲ್ಲ. ಚೌತಿಯ ದಿನ ಇಳಕಲ್ಲಿನಿಂದ ಅಕ್ಕನ ಫೋನ್ ಬಂತು. ನನ್ನ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ.

"ನಾಳೆ ಇಲಿವಾರ ಐತಿ ನೋಡವಾ. ಕತ್ತರಿ ಮುಟ್ಟಬ್ಯಾಡ."

ಚೌತಿಯ ಮರುದಿನ ನಮ್ಮಲ್ಲಿ ನೇಯುವವರು, ಹೊಲಿಯುವವರು ಕತ್ತರಿ ಹಿಡಿಯುವುದಿಲ್ಲ. ಹಿಡಿದರೆ ವರ್ಷವಿಡೀ ಇಲಿ ಬಟ್ಟೆ ಕಡಿಯುತ್ತದೆ ಎಂಬ ನಂಬಿಕೆ. ಅವಸರದ ಗಿರಾಕಿ ಬಾಗಿಲು ಬಡಿದರೂ ಅಂದು ನಾನು ಶಟರ್ ಎತ್ತಿದವಳಲ್ಲ. ಎಲ್ಲದರಲ್ಲೂ ಚೌಕಾಸಿ ಮಾಡಿದ್ದೇನೆ, ಆ ದಿನದ ಜೊತೆ ಮಾತ್ರ ಇಲ್ಲ.

ಮರುದಿನ, ಗುರುವಾರ ಬೆಳಗ್ಗೆ, ಹುಲ್ಲಿನ ಸರಿಯಾದ ನಡುವಿಗೆ ಇನ್ನೊಂದು ಗುಡ್ಡೆ. ಒಡತಿ ಬರಲು ಒಂದೇ ದಿನ.

"ಇದೇನ ಗಣಪ್ಪನ ಇಲಿ ಅಲ್ಲೇಳ," ಎಂದರು ಗಂಡ. "ಇದರ ಪಾಸ್‌ಪೋರ್ಟ್ ಬ್ಯಾರೆ."

"ನಿಮಗೇನ್ರಿ, ನೀವು ಸೂಜಿ ಚುಚ್ಚಾವ್ರು. ಕತ್ತರಿ ನಂದು."

ಅಂದೆ, ಮತ್ತು ಇಟ್ಟೆ. ಸಂಜೆಗೆ ಹಿಡಿಕೆ ಅಗಲವಾಗಿತ್ತು.

ಅಂಗೈಯಷ್ಟೇ ಇತ್ತು ಅದು. ಬಟ್ಟೆಯವಳ ಬೆರಳು ಸುಮ್ಮನಿರಲಿಲ್ಲ, ಸವರಿ ನೋಡಿದೆ. ಮಖಮಲ್ಲಿಗೆ ಒಂದು ದಿಕ್ಕಿರುತ್ತದೆ, ತಿರುಗಿಸಿ ಸವರಿದರೆ ಒರಟು. ಈ ತುಪ್ಪಳ ಹಿಂದಕ್ಕೂ ಮುಂದಕ್ಕೂ ಒಂದೇ ನುಣುಪು. ಸುರಂಗದಲ್ಲಿ ಹೋದಷ್ಟೇ ಸಲೀಸಾಗಿ ಹಿಂದೆ ಬರಲು. ಮಣ್ಣು ಮಾಡಿ, ಗುಡ್ಡೆಗಳನ್ನು ಸಮ ಮಾಡಿ, ಕತ್ತಲಾಗುವವರೆಗೆ ಹೆಂಟೆ ಕೂರಿಸಿದೆ.

ಶುಕ್ರವಾರ ಒಡತಿ ಬಂದಳು. ಲಾನಿನ ಸುತ್ತ ಒಂದು ಸುತ್ತು ನಡೆದಳು, ಮೊಬೈಲ್ ತೆಗೆದು ನಾಲ್ಕೂ ಮೂಲೆಯಿಂದ ಫೋಟೋ ಹಿಡಿದಳು. "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ," ಎಂದು ನನ್ನ ಕೈ ಕುಲುಕಿದಳು. ಆಮೇಲೆ ಹೇಳಿದಳು: ಮನೆ ಮಾರಲು ಇದೇ ಒಳ್ಳೆಯ ಸಮಯ. ಎರಡು ತಿಂಗಳಲ್ಲಿ ಬಿಟ್ಟುಕೊಡಬೇಕು. ಫೋಟೋ ಜಾಹೀರಾತಿಗೆ.

ಅಂದು ಅಕ್ಕ ಮತ್ತೆ ಫೋನ್ ಮಾಡಿದಳು.

"ಮುಟ್ಟಿಲ್ಲ ಹೌದಿಲ್ಲೊ?"

"ಇಲ್ಲಕ್ಕ."

"ಗೊತ್ತಿತ್ ನನಗ. ಇಲ್ಲಿ ನಿನ್ನ ಕತ್ತರೀನೂ ತೊಳದು, ಕುಂಕುಮ ಹಚ್ಚಿ ಇಟ್ಟೇನಿ. ಯಾರಿಗೂ ಮುಟ್ಟಾಕ ಕೊಟ್ಟಿಲ್ಲ."

ಮನೆ ಬಿಡಬೇಕಾದ ಸುದ್ದಿ ಬಾಯಿಗೆ ಬಂದಿತ್ತು, ನುಂಗಿದೆ. ಹೇಳಿದ್ದರೆ "ಬಂದ್ ಬಿಡ, ಅಂಗಡಿ ಐತಿ" ಎನ್ನುತ್ತಿದ್ದಳು. ಆ ಕತ್ತರಿಯ ಮುಂದೆ ಹೋಗಿ ಕೂರುವ ಮುಖ ನನಗಿರಲಿಲ್ಲ. ಇಲ್ಲಿ ಮಷಿನ್ ಇಟ್ಟು ಕೂರಲು ಕೋಣೆ ಇರಲಿಲ್ಲ.