ಮುಟ್ಟಬಾರದ ಬ್ಯಾಟರಿ

1995ರಲ್ಲಿ ನಾನು ಹಡಗಲಿ ಕಡೆಯ ಒಂದು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಊರಿನ ಹೆಸರು ಬೇಡ, ಆಗಿನವರಲ್ಲಿ ಕೆಲವರು ಇನ್ನೂ ಇದ್ದಾರೆ. ನನಗಾಗ ಮೂವತ್ತೆಂಟು. ನಮ್ಮ ಕೇರಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಹೆಣ್ಣು ನಾನೇ. ಬೋರ್ಡಿನ ತೂತುಗಳಿಗೆ ತಂತಿ ಚುಚ್ಚಿ ಒಬ್ಬರನ್ನು ಇನ್ನೊಬ್ಬರಿಗೆ ಮಾತಿಗೆ ಕೂಡಿಸುವುದು ಹದಿನಾಲ್ಕು ವರ್ಷದ ನನ್ನ ಕೆಲಸ. ಆ ವರ್ಷ ಬೋರ್ಡು ಕಿತ್ತು, ಕರೆಗಳನ್ನು ತಾನೇ ಜೋಡಿಸುವ, ಬೀರುವಿನಂಥ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ತಂದು ನಿಲ್ಲಿಸಿದರು. ನನ್ನನ್ನು ದೂರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು.

ಟೆಕ್ನಿಷಿಯನ್ ಪರೀಕ್ಷೆಗೆ ಅರ್ಜಿ ಹಾಕುತ್ತೇನೆಂದಾಗ ನಮ್ಮ ಇಂಜಿನಿಯರ್ ನಕ್ಕರು. "ರತ್ನಮ್ಮ, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ. ಮಷೀನ್ ರೂಮಿನಾಗ ಏನೂ ಮುಟ್ಟಬ್ಯಾಡ್ರಿ."

ಮರುದಿನವೇ ಕೊಟ್ಟೂರಿಗೆ ಹೋಗಿ ಒಂದು ಪಠ್ಯಪುಸ್ತಕ ಕೊಂಡೆ. ಓದಿದೆ, ತಲೆಗೆ ಹತ್ತಲಿಲ್ಲ. ಅಲ್ಲಿ ರಜಾಕ್ ಸಾಬ್ ಎಂಬವರ ರೇಡಿಯೋ ರಿಪೇರಿ ಅಂಗಡಿಯಿತ್ತು. ಅವರು ಪುಸ್ತಕ ಮುಚ್ಚಿಸಿ ಒಂದು ಬ್ಯಾಟರಿ, ಒಂದು ಎಲ್‌ಇಡಿ ಕೈಗಿಟ್ಟರು. "ಓದಿದ್ದು ಸಾಕ್ರಿ ಅಕ್ಕಾರ, ಹಚ್ಚಿ ನೋಡ್ರಿ." ಹಚ್ಚಿದೆ. ಎಲ್‌ಇಡಿ ಒಮ್ಮೆ ಮಿಂಚಿ ಸತ್ತೇಹೋಯಿತು. "ಹರಿಯೋ ಕರೆಂಟಿಗೆ ತಡೆ ಬೇಕು, ಅದಕ್ಕ ರೆಸಿಸ್ಟರ್" ಎಂದರು. ಆ ಸುಟ್ಟ ಎಲ್‌ಇಡಿ ಕಲಿಸಿದ್ದನ್ನು ಇಪ್ಪತ್ತು ಪುಟ ಕಲಿಸಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆ. ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡೆ, ಟ್ರಾನ್ಸಿಸ್ಟರಿನ ಕಾಲುಗಳನ್ನು ಅದಲು ಬದಲು ಮಾಡಿ ಕೆಡಿಸಿದೆ. ಒಮ್ಮೆ ಅವರು ನಾಲ್ಕು ಟಾರ್ಚ್ ಸೆಲ್ ಸಾಲಾಗಿ ಜೋಡಿಸಿಕೊಟ್ಟರು. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನಲ್ಲಿ ಆರು ವೋಲ್ಟ್ ಸರಿಯಾಗಿ ತೋರಿಸುತ್ತಿತ್ತು, ಆದರೆ ಬಲ್ಬ್ ಹಚ್ಚಿದರೆ ಬೆಳಕಿಲ್ಲ. ಒಂದು ಗಂಟೆ ತಡಕಾಡಿದ ಮೇಲೆ ಗೊತ್ತಾಯಿತು: ಸೆಲ್‌ಗಳೆಲ್ಲ ಚೆನ್ನಾಗಿವೆ, ಸೆಲ್ಲಿಗೆ ಸೆಲ್ ಜೋಡಿಸುವ ಒಂದು ಕೊಂಡಿ ತುಕ್ಕು ಹಿಡಿದಿದೆ. ಬಲ್ಬ್ ಹಚ್ಚಿದಾಗ ವೋಲ್ಟೇಜೆಲ್ಲ ಆ ಕೊಂಡಿಯಲ್ಲೇ ನಿಂತುಬಿಡುತ್ತಿತ್ತು.

ಐದಾರು ತಿಂಗಳ ಮೇಲೆ ಒಂದು ಮಧ್ಯಾಹ್ನ ಊರಿನ ಕರೆಂಟ್ ಹೋಯಿತು. ಅಂಥ ಹೊತ್ತಿನಲ್ಲಿ ಎಕ್ಸ್‌ಚೇಂಜ್ ಬ್ಯಾಟರಿಯ ಮೇಲೆ ನಡೆಯಬೇಕು: ಎರಡು ವೋಲ್ಟಿನ ಇಪ್ಪತ್ತನಾಲ್ಕು ಸೆಲ್, ಒಟ್ಟು ನಲವತ್ತೆಂಟು ವೋಲ್ಟ್. ನಡೆಯಲಿಲ್ಲ. ಊರಿನ ಫೋನುಗಳೆಲ್ಲ ಸತ್ತವು. ಇಂಜಿನಿಯರ್ ಬಳ್ಳಾರಿಗೆ ಹೋಗಿದ್ದರು. ಆಸ್ಪತ್ರೆಯ ನರ್ಸ್ ಶಾಂತಮ್ಮ ಓಡೋಡಿ ಬಂದಳು. "ಅಕ್ಕಾ, ಹೆರಿಗಿ ಕಷ್ಟ ಆಗೇತಿ. ಹರಪನಹಳ್ಳಿಯಿಂದ ಗಾಡಿ ಕರಸಬೇಕು. ಫೋನ್ ಮಾಡ್ಸು!"

ಮಲ್ಟಿಮೀಟರ್ ಹಿಡಿದು ಮಷೀನ್ ರೂಮಿಗೆ ನುಗ್ಗಿದೆ. ಲೈನ್‌ಮನ್ ಹನುಮಂತಪ್ಪ ಅಡ್ಡ ನಿಂತ. "ಸಾಹೇಬ್ರು ಬ್ಯಾಡ ಅಂದಾರ್ರಿ ಅಕ್ಕಾರ."

"ಸಾಹೇಬ್ರು ಇಲ್ಲಿ ಇಲ್ಲ. ನಾನದೀನಿ. ಸರಿ ಅತ್ಲಾಗ."

ಸೆಲ್‌ಗಳನ್ನು ಒಂದೊಂದಾಗಿ ಅಳೆದೆ. ಎಲ್ಲವೂ ಸರಿ. ಆಮೇಲೆ ಕೊಂಡಿಗಳನ್ನು ಅಳೆದೆ. ಕೊಂಡಿ ಚೆನ್ನಾಗಿದ್ದರೆ ಮೀಟರಿನ ಮುಳ್ಳು ಅಲುಗಬಾರದು; ಹದಿನೇಳನೆಯ ಸೆಲ್ಲಿನ ಕೊಂಡಿಯ ಮೇಲೆ ಅದು ನಲವತ್ತು ವೋಲ್ಟಿಗೆ ಹಾರಿತು. ಮುಚ್ಚಳ ಸರಿಸಿದರೆ ಕೊಂಡಿಗೆ ಬಿಳಿ ಹಸಿರು ಪುಡಿ ಮೆತ್ತಿಕೊಂಡಿತ್ತು. ಮೇನ್ ಸ್ವಿಚ್ ಇಳಿಸಿ, ಕಿಡಿ ಹಾರದಂತೆ ಸ್ಪ್ಯಾನರಿಗೆ ಸೈಕಲ್ ಟ್ಯೂಬ್ ಸುತ್ತಿ ನಟ್ಟು ಬಿಚ್ಚಿದೆ. ಉಪ್ಪುಕಾಗದದಿಂದ ಕೊಂಡಿಯ ಸೀಸ ಹೊಳೆಯುವವರೆಗೂ ಉಜ್ಜಿ, ಬಿಗಿ ಮಾಡಿ ಸ್ವಿಚ್ ಏರಿಸಿದೆ. ಎಕ್ಸ್‌ಚೇಂಜಿನ ದೀಪಗಳು ಹತ್ತಿದವು. ಕೆಲವು ನಿಮಿಷಕ್ಕೆ ಡಯಲ್ ಟೋನ್ ಬಂತು. ಶಾಂತಮ್ಮ ನನ್ನ ಮೇಜಿನಿಂದಲೇ ಹರಪನಹಳ್ಳಿಗೆ ಮಾತಾಡಿದಳು. ತಾಯಿ, ಮಗು ಇಬ್ಬರೂ ಉಳಿದರು.

ಎರಡು ದಿನಕ್ಕೆ ಇಂಜಿನಿಯರ್ ಬಂದು ನೋಟಿಸ್ ಕೊಟ್ಟರು: ಅನುಮತಿಯಿಲ್ಲದೆ ಉಪಕರಣ ಮುಟ್ಟಿದ್ದೇಕೆ? ನಾನು ಬರೆದೆ: "ಮುಟ್ಟಿದ್ದು ನಿಜ. ಏನು ಮಾಡುತ್ತಿದ್ದೇನೆಂದು ಗೊತ್ತಿದ್ದೇ ಮುಟ್ಟಿದೆ. ಮತ್ತೆ ಹೀಗಾದರೆ ಮತ್ತೆ ಮುಟ್ಟುತ್ತೇನೆ."

ಓದಿ ಅವರ ಮುಖ ಕೆಂಪಾಯಿತು. "ಕ್ಷಮಾ ಅಂತ ಒಂದು ಮಾತು ಸೇರಿಸ್ರಿ, ಇಲ್ಲಿಗೇ ಮುಗಸ್ತೀನಿ."

"ತಪ್ಪು ಮಾಡಿದ್ರ ಬರೀತಿದ್ದೆ ಸರ್."

ಎಚ್ಚರಿಕೆಯ ಪತ್ರ ಬಂತು. ಆ ಸಲ ಪರೀಕ್ಷೆಯಲ್ಲಿ ಗಣಿತದಲ್ಲಿ ಬಿದ್ದೆ. ಮರುವರ್ಷ ಪಾಸಾಗಿ ಕೂಡ್ಲಿಗಿ ಕಡೆಗೆ ಟೆಕ್ನಿಷಿಯನ್ ಆಗಿ ಹೋದೆ. ಹದಿನೆಂಟು ವರ್ಷ ಆ ಕೆಲಸ ಮಾಡಿ ನಿವೃತ್ತಳಾದೆ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ನಿನ್ನ ಕೈಲಾಗದು ಎನ್ನುವವರು ಆ ಕೆಲಸವನ್ನು ಒಮ್ಮೆಯೂ ನಿನ್ನ ಕೈಗೆ ಕೊಟ್ಟು ನೋಡಿರುವುದಿಲ್ಲ. ಅವರು ಕೊಡಲಿ ಎಂದು ಕಾಯಬಾರದು. ಆ ಎಚ್ಚರಿಕೆಯ ಪತ್ರ ನನ್ನ ಸರ್ವಿಸ್ ಬುಕ್ಕಿನಲ್ಲಿ ಕೊನೆಯವರೆಗೂ ಇತ್ತು. ತೆಗೆಯಿರಿ ಎಂದು ನಾನು ಯಾರನ್ನೂ ಕೇಳಲಿಲ್ಲ.