ಬಾವಿ ಪಕ್ಕದ ಸೀಬೆಮರ

ಗಂಗಾನಗರದ ತಿರುವಿನಲ್ಲಿ ಸೀಬೆಹಣ್ಣಿನ ಗಾಡಿಯೊಂದು ನಿಂತಿರುತ್ತದೆ. ಬಿಸಿಲಿಗೆ ಹಣ್ಣು ಮೆತ್ತಗಾಗಿ ವಾಸನೆ ಬಿಡತೊಡಗಿದರೆ ನಾನು ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತೇನೆ. ದುಃಖವಾಗುತ್ತದೆ ಎಂದಲ್ಲ. ಏನೂ ಆಗುವುದಿಲ್ಲ, ಏನಾದರೂ ಆದೀತೇ ಎಂದು ಕಾಯುತ್ತ ನಿಲ್ಲುವುದು ಬೇಡವೆಂದು ದಾಟುತ್ತೇನೆ. ಅಲ್ಲಾಳಸಂದ್ರದ ಕೆರೆಯ ಮೇಲುಗಡೆ ನಮಗೊಂದು ಸೀಬೆ ತೋಟವಿತ್ತು. ತೋಟದೊಳಗೆ ಹೆಂಚಿನ ಮನೆ, ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು. ನಿಮ್ಮ ಕಡೆಯೂ ಇಂಥ ತೋಟವೊಂದು ಇದ್ದು ಹೋಗಿರಬಹುದು, ಹಾಗಾಗಿ ಹೆಚ್ಚು ವರ್ಣಿಸುತ್ತ ಕೂರುವುದಿಲ್ಲ.

ಬಾವಿ ಪಕ್ಕದ ಮರವೊಂದನ್ನು ಮಾತ್ರ ನಮ್ಮ ಮನೆಯವರು ಯಾರೂ ಮುಟ್ಟುತ್ತಿರಲಿಲ್ಲ. ಅದು ಕೋತಿಗಳ ಪಾಲು. ಅಜ್ಜಿ ಸೊಸೆಯಾಗಿ ಬರುವ ಮೊದಲಿಂದಲೂ ಹಾಗೇ ನಡೆದುಕೊಂಡು ಬಂದಿತ್ತಂತೆ. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಕೆರೆ ಏರಿಯ ಆಲದ ಮರದಿಂದ ಗುಂಪು ಇಳಿದು ಬರುತ್ತಿತ್ತು. ಮುಂದೆ ಒಂದು ದೊಡ್ಡ ಗಂಡು ಗಡವ, ಹಿಂದೆ ಹೊಟ್ಟೆಗೆ ಮರಿ ಅವಚಿಕೊಂಡ ತಾಯಂದಿರು, ಕೊನೆಗೆ ಬೈತಲೆ ತೆಗೆದು ಬಾಚಿದ ಹಾಗೆ ಕಾಣುವ ಮುದಿ ಕೋತಿಗಳು. ಗಡವಗಳು ಬದಲಾಗುತ್ತಿದ್ದವು, ಹೆಣ್ಣುಗಳು ಮಾತ್ರ ಅವೇ. ಹೊಟ್ಟೆಗಾಗುವಷ್ಟು ತಿಂದು, ಉಳಿದದ್ದನ್ನು ಕೆನ್ನೆಯೊಳಗೆ ತುಂಬಿಕೊಂಡು, ಬಾವಿಕಟ್ಟೆಯ ಮೇಲೆ ಒಂದರ ಹೇನು ಒಂದು ಹೆಕ್ಕುತ್ತ ಕೂತಿದ್ದು ಹೋಗುತ್ತಿದ್ದವು. ಬೇರೆ ಮರಕ್ಕೆ ಕೈ ಹಾಕುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಕುತ್ತಿದ್ದವು, ಅಜ್ಜಿ ಕೋಲೆತ್ತಿದರೆ ಬಿಡುತ್ತಿದ್ದವು. ಅಜ್ಜಿಯದು ಒಂದೇ ಕಟ್ಟುನಿಟ್ಟು: ಮರದಲ್ಲಿರುವುದನ್ನು ತಿನ್ನಲಿ, ಕೈಯಾರೆ ಯಾರೂ ಕೊಡಕೂಡದು. "ಕೈಲಿ ಕೊಟ್ರೆ ಕೈನೇ ಮರ ಅನ್ಕೊಂಬಿಡ್ತವೆ" ಅನ್ನುತ್ತಿದ್ದಳು.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪ ತೋಟ ಕಡಿಸಿ ಬಾಡಿಗೆ ಮನೆಗಳನ್ನು ಎಬ್ಬಿಸಿದರು. ಅಕ್ಕಪಕ್ಕದವರೆಲ್ಲ ಮಾಡಿದ್ದನ್ನೇ ಅವರೂ ಮಾಡಿದರು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅಂತ ಗಾದೆ. ನಮ್ಮಲ್ಲಿ ವನ ಕೆಡಿಸಿದವರು ನಾವು, ಗಾದೆ ಮಾತ್ರ ಕೋತಿಯ ತಲೆಗೆ. ಬಾವಿ ಪಕ್ಕದ ಮರವೂ ಹೋಯಿತು. ಗುಂಪು ಎಂದಿನ ಹೊತ್ತಿಗೇ ಬಂದು ಜಲ್ಲಿ ರಾಶಿಯ ಮೇಲೆ ಕೂತಿತು. ನೋಡಲಾಗದೆ ನಾನು ಅಜ್ಜಿಯ ಕಣ್ಣು ತಪ್ಪಿಸಿ ಹೊಸ ತಾರಸಿಗೆ ಬಾಳೆಹಣ್ಣು ಒಯ್ದು ಕೈಯಾರೆ ಕೊಡತೊಡಗಿದೆ. ಕಿವಿ ಹರಿದ ಒಂದು ತಾಯಿ ಕೋತಿ ಮೊದಲು ಬರುತ್ತಿತ್ತು. ಅಂಗೈಗೆ ತಾಗುವ ಅದರ ಬೆರಳು ತಣ್ಣಗಿರುತ್ತಿತ್ತು. ಕೆಲವೇ ತಿಂಗಳಲ್ಲಿ ಅವು ಎಲ್ಲರ ಕೈಗೂ ಹಾರುವುದನ್ನು, ಬಾಡಿಗೆಯವರ ಅಡುಗೆಮನೆ ಕಿಟಕಿಯಿಂದ ನುಗ್ಗುವುದನ್ನು ಕಲಿತವು. ಕೆಳಗಿನ ಮನೆಯ ಹುಡುಗಿಯ ಕೈ ಪರಚಿದ ಮೇಲೆ ಅಪ್ಪ ಕೋತಿ ಹಿಡಿಯುವವನನ್ನು ಕರೆಸಿದರು.

ಅವನು ತಾರಸಿಯ ಮೇಲೆ ಬೋನು ಇಟ್ಟು ಮೂರು ದಿನ ಕಾದ. ಒಂದೂ ಒಳಗೆ ಹೋಗಲಿಲ್ಲ. ಇವಕ್ಕೆ ಯಾರ ಅಭ್ಯಾಸ ಇದೆ ಎಂದು ಕೇಳಿದ. ಅಪ್ಪ ನನ್ನ ಕಡೆ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು. "ಕಾಡಿಗೆ ಬಿಡ್ತಾರೆ ಕಣಮ್ಮ. ಅಲ್ಲಿ ಹಣ್ಣು ಬೇಕಾದಷ್ಟಿರುತ್ತೆ. ಇಲ್ಲೇನಿದೆ ಪಾಪ ಅವಕ್ಕೆ?" ಅಂದರು ಅಪ್ಪ. ನನಗೆ ಅದು ಸರಿ ಅನ್ನಿಸಿತು. ಬೋನಿನ ಒಳತುದಿಯಲ್ಲಿ ಹಣ್ಣಿಟ್ಟು ದಿನದ ಹಾಗೇ ಕರೆದೆ. ಹರಿದ ಕಿವಿಯದು ಬೋನನ್ನು ನೋಡಲಿಲ್ಲ, ನನ್ನ ಕೈ ನೋಡಿಕೊಂಡು ಒಳಗೆ ಹೋಯಿತು. ಅದರ ಹಿಂದೆ ಇನ್ನೂ ಐದಾರು. ಬಾಗಿಲು ಬಿತ್ತು. ಅದರ ಮರಿ ಹೊರಗೆ, ನೀರಿನ ಟ್ಯಾಂಕಿನ ಮೇಲೆ ಉಳಿಯಿತು. ಹೆಣ್ಣು ಕೋತಿ ಹುಟ್ಟಿದ ಗುಂಪನ್ನೂ ಜಾಗವನ್ನೂ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ, ತಂದು ಬಿಟ್ಟವನ್ನು ಅಲ್ಲಿನ ಗುಂಪು ಸೇರಿಸಿಕೊಳ್ಳುವುದಿಲ್ಲ, ಕೊನೆಗೆ ಎಷ್ಟೋ ಕೋತಿಗಳು ಹೆದ್ದಾರಿ ಬದಿಗೆ ಬಂದು ಕಾರುಗಳಿಗೆ ಕೈ ಒಡ್ಡುತ್ತವೆ ಎಂಬುದನ್ನೆಲ್ಲ ನಾನು ಓದಿ ತಿಳಿದದ್ದು ಬಹಳ ವರ್ಷದ ಮೇಲೆ. ಅಂದು ಬೋನು ಹೊತ್ತ ಟೆಂಪೋ ಹೋದ ನಂತರ ಕೈ ತೊಳೆದು ಅನ್ನ ಸಾರು ಉಂಡೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಬೋನಿಗೆ ಸಿಗದ ಉಳಿದವು ಎತ್ತಲೋ ಚದುರಿಹೋದವು. ಮರಿ ಮಾತ್ರ ಎರಡು ದಿನ ಟ್ಯಾಂಕು ಬಿಟ್ಟು ಇಳಿಯಲಿಲ್ಲ, ಏನೂ ತಿನ್ನಲಿಲ್ಲ. ಮೂರನೆಯ ಬೆಳಗ್ಗೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, ನೆನೆಸಿದ ಕಡಲೆಬೀಜವನ್ನು ತಾರಸಿಯ ಗೋಡೆಯ ಮೇಲಿಟ್ಟು ದೂರ ನಿಂತಳು. ನಾನೂ ಹಿಂದೆಯೇ ಹೋಗಿದ್ದೆ. ಮರಿ ಇಳಿಯಲೆಂದು ಕಾಲು ಚಾಚಿತು. ನನ್ನನ್ನು ಕಂಡು ಟ್ಯಾಂಕಿನ ಮರೆಗೆ ಸರಿಯಿತು. ಅಜ್ಜಿ ತಿರುಗಿಯೂ ನೋಡಲಿಲ್ಲ. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ.

"ನೀನ್ ಕೆಳಕ್ಕೋಗವ್ವ. ನೀನಿದ್ರೆ ಅದು ಬರಾಕಿಲ್ಲ."

ಕೆಳಗಿಳಿದು ಹೋದೆ. ಬಹಳ ಹೊತ್ತಿನ ಮೇಲೆ ಅಜ್ಜಿ ಇಳಿದು ಬಂದು ನೇರ ಅಡುಗೆಮನೆಗೆ ಹೋದಳು. ಮರಿ ತಿಂದಿತೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ.